ಬೆಟ್ಟದೂರಿಗೆ ಬಂದ ಅತಿಥಿ

'ಬರ್ಬರ' ಎಂಬ ಮಾತು ಕನ್ನಡದ ಓದುಗರಿಗೆ ಹೊಸದಲ್ಲ. ಕೊಲೆಯ ಸುದ್ದಿ ಬರೆಯುವಾಗ ಪತ್ರಿಕೆಗಳು ಅದನ್ನು ಧಾರಾಳವಾಗಿ ಬಳಸುತ್ತವೆ. ಸಂಸ್ಕೃತದ ಹಳೆಯ ಗ್ರಂಥಗಳಲ್ಲಿ ಅದು ಪರನಾಡಿನ ಜನರ ಹೆಸರು. ಗ್ರೀಕರಲ್ಲಿಯೂ ಹೆಚ್ಚುಕಡಿಮೆ ಇದೇ ಶಬ್ದವಿತ್ತು. ಗ್ರೀಕ್ ಭಾಷೆ ಬಾರದವರೆಲ್ಲ ಅವರ ಕಿವಿಗೆ 'ಬರ್ ಬರ್' ಎಂದು ತೊದಲಿದಂತೆ ಕೇಳಿಸುತ್ತಿದ್ದರಂತೆ. ಅರ್ಥವಾಗದ ಮಾತಿಗೆ ಕೊಟ್ಟ ಅಡ್ಡಹೆಸರು ಬರಬರುತ್ತಾ ಒರಟುತನದ, ಕ್ರೌರ್ಯದ ಹೆಸರಾಯಿತು. ಉತ್ತರ ಆಫ್ರಿಕದ ಮೂಲನಿವಾಸಿಗಳಿಗೆ ಈ ಹೆಸರು ಹೊರಗಿನವರಿಂದ ಅಂಟಿಕೊಂಡು ಇಂದಿಗೂ ಉಳಿದಿದೆ. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಎಂದು, ಬಹುವಚನದಲ್ಲಿ ಇಮಾಜಿಗೆನ್. 'ಸ್ವತಂತ್ರ ಜನ' ಎಂದು ಅದಕ್ಕೆ ಅರ್ಥ ಹೇಳುವುದು ರೂಢಿ. ಇವರ ಊರಿಗೆ ಹೋಗುವ ಪ್ರವಾಸಿ ತನ್ನ ಚೀಲವನ್ನು ಹಗುರ ಮಾಡಿಕೊಳ್ಳುವ ಮೊದಲು ಈ ಹಳೆಯ ಶಬ್ದದ ಹೊರೆಯನ್ನು ಇಳಿಸಿ ಹೊರಟರೆ ಒಳ್ಳೆಯದು.

ವಿದ್ಯಾರ್ಥಿಗಳು ಭೂಪಟ ತೆರೆದು ಮೊರಾಕೊ ದೇಶವನ್ನು ನೋಡಲಿ. ನೈರುತ್ಯದಿಂದ ಈಶಾನ್ಯಕ್ಕೆ ಅಟ್ಲಾಸ್ ಪರ್ವತಗಳು ಬೆನ್ನುಮೂಳೆಯಂತೆ ಹಾದುಹೋಗಿವೆ. ಅದರಲ್ಲಿ ಅತಿ ಎತ್ತರದ ಭಾಗಕ್ಕೆ ಹೈ ಅಟ್ಲಾಸ್ ಎಂದು ಹೆಸರು. ಈ ಸಾಲಿನ ಬುಡದಲ್ಲಿರುವ ಬಯಲಿನ ನಗರ ಮರಾಕೇಶ್. ಚಳಿಗಾಲದಲ್ಲಿ ಅಲ್ಲಿಯ ಮನೆಗಳ ತಾರಸಿಯ ಮೇಲೆ ನಿಂತರೆ ಒಂದು ಕಡೆ ಖರ್ಜೂರದ ಮರಗಳು, ಇನ್ನೊಂದು ಕಡೆ ಹಿಮ ಹೊದ್ದ ಶಿಖರಗಳು ಒಟ್ಟಿಗೇ ಕಾಣುತ್ತವೆ. ಮರುಭೂಮಿಯ ಅಂಚಿನಲ್ಲಿ ಹಿಮವೆ ಎಂದು ಮೊದಲ ಸಲ ನೋಡಿದವರು ಬೆರಗಾಗುತ್ತಾರೆ.

ಮರಾಕೇಶ್‌ನಿಂದ ದಕ್ಷಿಣಕ್ಕೆ ಬೆಟ್ಟ ಹತ್ತಲು ಬಸ್ಸಿಗಿಂತ ಹಂಚಿಕೊಂಡು ಹೋಗುವ ಟ್ಯಾಕ್ಸಿಯೇ ಅನುಕೂಲ. ಹಿಂದೆ ಇವೆಲ್ಲ ಹಳೆಯ ಮರ್ಸಿಡಿಸ್ ಕಾರುಗಳು. ಚಾಲಕನ ಪಕ್ಕದಲ್ಲಿ ಇಬ್ಬರು, ಹಿಂದೆ ನಾಲ್ವರು. ಈಗ ಅವುಗಳ ಜಾಗಕ್ಕೆ ಹೊಸ ಗಾಡಿಗಳು ಬಂದಿವೆ. ಆರು ಜನ ತುಂಬುವವರೆಗೆ ಹೊರಡದಿರುವ ನಿಯಮ ಮಾತ್ರ ಹಾಗೆಯೇ ಇದೆ. ಅವಸರವಿದ್ದವನು ಖಾಲಿ ಸೀಟಿನ ದುಡ್ಡನ್ನೂ ತಾನೇ ಕೊಡಬಹುದು, ಇಲ್ಲವೇ ಪಕ್ಕದವರ ಜೊತೆ ಕಾಯಬಹುದು. ಕಾಯುವುದರಲ್ಲಿ ನಷ್ಟವೇನಿಲ್ಲ. ಊರಿನ ಪರಿಚಯ ಅಲ್ಲಿಂದಲೇ ಶುರುವಾಗುತ್ತದೆ. 47 ಕಿಲೋಮೀಟರ್ ಹೋದರೆ ಅಸ್ನಿ ಎಂಬ ಸಂತೆಯೂರು. ಅಲ್ಲಿ ಶನಿವಾರ ಸಂತೆ. ಸುತ್ತಲ ಬೆಟ್ಟಗಳಿಂದ ಹೇಸರಗತ್ತೆಗಳ ಮೇಲೆ ಇಳಿದ ಜನ ಸಂಜೆಯ ಹೊತ್ತಿಗೆ ಹಿಟ್ಟು, ಎಣ್ಣೆ, ಗ್ಯಾಸ್ ಸಿಲಿಂಡರು ಹೇರಿಕೊಂಡು ಮತ್ತೆ ಬೆಟ್ಟ ಹತ್ತುತ್ತಾರೆ. ಅಲ್ಲಿಂದ 17 ಕಿಲೋಮೀಟರ್ ದೂರದಲ್ಲಿ ಇಮ್ಲಿಲ್. ಸಮುದ್ರಮಟ್ಟದಿಂದ ಸುಮಾರು 1,740 ಮೀಟರ್ ಎತ್ತರ. ಡಾಂಬರು ರಸ್ತೆಯ ಭರವಸೆ ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ.

ಇಮ್ಲಿಲ್‌ಗೆ ಬರುವ ಪರದೇಶಿಗಳಲ್ಲಿ ಹೆಚ್ಚಿನವರ ಕಣ್ಣು ತುಬ್ಕಾಲ್ ಶಿಖರದ ಮೇಲೆ. 4,167 ಮೀಟರ್ ಎತ್ತರದ ಈ ಶಿಖರ ಉತ್ತರ ಆಫ್ರಿಕದಲ್ಲೇ ಅತಿ ದೊಡ್ಡದು. ದಾಖಲಾದ ಮೊದಲ ಆರೋಹಣ 1923ರ ಜೂನ್ 12ರಂದು, ಫ್ರೆಂಚರ ತಂಡದ್ದು. ದಾಖಲೆ ಎಂಬುದು ಬರೆದಿಡುವವರ ಸೊತ್ತು. ಅದಕ್ಕೆ ಮೊದಲು ಯಾವ ಕುರುಬ ತಪ್ಪಿಸಿಕೊಂಡ ಮೇಕೆಯ ಬೆನ್ನು ಹತ್ತಿ ಎಷ್ಟು ಎತ್ತರಕ್ಕೆ ಹೋಗಿದ್ದನೋ ಯಾರು ಬಲ್ಲರು? 2018ರ ಡಿಸೆಂಬರಿನಲ್ಲಿ ಈ ಕಣಿವೆಯಲ್ಲಿ ಇಬ್ಬರು ವಿದೇಶಿ ಯುವತಿಯರ ಕೊಲೆ ನಡೆದ ಮೇಲೆ, ಮಾರ್ಗದರ್ಶಿಯಿಲ್ಲದೆ ತುಬ್ಕಾಲ್ ಹತ್ತುವಂತಿಲ್ಲ ಎಂಬ ನಿಯಮ ಬಂತು. ಮಾರ್ಗದರ್ಶಿಗಳು ಬಹುಪಾಲು ಇದೇ ಕಣಿವೆಯ ಹಳ್ಳಿಗಳವರು.

ಶಿಖರದ ಗೊಡವೆ ಬಿಟ್ಟು ಹಳ್ಳಿ ನೋಡಲು ಬಂದ ಪ್ರವಾಸಿಗೆ ಅರೂಮ್ದ್ ಸಾಕು. ಇಮ್ಲಿಲ್‌ನಿಂದ ಆಕ್ರೋಟು ಮರಗಳ ನೆರಳಿನಲ್ಲಿ ಒಂದು ಗಂಟೆಯ ಕಾಲುದಾರಿ. ದೂರದಿಂದ ನೋಡಿದರೆ ಊರು ಇದೆ ಎಂದೇ ತಿಳಿಯುವುದಿಲ್ಲ. ಬೆಟ್ಟದ ಕಲ್ಲುಮಣ್ಣುಗಳಿಂದಲೇ ಕಟ್ಟಿದ ಮನೆಗಳು ಬೆಟ್ಟದ ಬಣ್ಣದಲ್ಲೇ ಕರಗಿಹೋಗಿರುತ್ತವೆ. ಮಟ್ಟಸವಾದ ಮಾಳಿಗೆಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಏರಿವೆ. ಅವುಗಳ ಮೇಲೆ ಒಣಗಲು ಹಾಕಿದ ಜೋಳ, ಬಟ್ಟೆಬರೆ, ಟಿ.ವಿ.ಯ ಡಿಶ್ ತಟ್ಟೆಗಳು. ಕೆಳಗಿನ ಅಂತಸ್ತಿನಲ್ಲಿ ದನ, ಮೇಲೆ ಮನುಷ್ಯರು ಇರುವ ಹಳೆಯ ಪದ್ಧತಿಯ ಮನೆಗಳೂ ಉಳಿದಿವೆ.

ಊರು ಬಂಡೆಗಲ್ಲಿನ ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತಿರುವುದಕ್ಕೆ ಕಾರಣವುಂಟು. ಬೆಳೆ ಬರುವ ಮಣ್ಣು ಇಲ್ಲಿ ಅಷ್ಟು ಅಪರೂಪದ ವಸ್ತು. ಒಂದು ಅಂಗೈಯಗಲ ಮಣ್ಣಿದ್ದರೂ ಅದಕ್ಕೆ ಕಲ್ಲಿನ ಒಡ್ಡು ಕಟ್ಟಿ ಹೊಲ ಮಾಡಿದ್ದಾರೆ. ಮನೆ ಕಟ್ಟುವುದೇನಿದ್ದರೂ ಬೆಳೆಯಾಗದ ಕಲ್ಲಿನ ಮೇಲೆ. ಹೀಗೆ ಕಟ್ಟುವುದರಿಂದ ಮನೆಗಳು ಹೊಳೆಯಿಂದಲೂ ಮೇಲಿರುತ್ತವೆ. 1995ರ ಆಗಸ್ಟ್ 17ರಂದು ಇದ್ದಕ್ಕಿದ್ದಂತೆ ಸುರಿದ ಬಿರುಮಳೆಯಲ್ಲಿ ಪಕ್ಕದ ಊರಿಕಾ ಕಣಿವೆ ಕೊಚ್ಚಿಹೋಗಿ ನೂರಾರು ಜನ ಸತ್ತರು. ಇಮ್ಲಿಲ್‌ನ ತಗ್ಗಿಗೂ ಆ ದಿನ ಹೊಡೆತ ಬಿತ್ತು. ಹೊಳೆಯ ದಂಡೆಯನ್ನು ವಾಹನ ನಿಲ್ಲಿಸುವ ಸಮತಟ್ಟು ಜಾಗ ಎಂದು ತಿಳಿದುಕೊಂಡದ್ದು ಹೊಸಬರು. ಹಳಬರಿಗೆ ಅದು ಹೊಳೆಯದೇ ಜಾಗ.

ಮೆಟ್ಟಿಲು ಹೊಲಗಳಲ್ಲಿ ಜವೆಗೋಧಿ, ಮುಸುಕಿನ ಜೋಳ, ಆಲೂಗೆಡ್ಡೆ. ಅಂಚಿನಲ್ಲಿ ಸೇಬು, ಚೆರ್ರಿ, ಆಕ್ರೋಟು. ಈ ಹಸಿರನ್ನು ನೋಡಿ ಪ್ರವಾಸಿ ನಾಲ್ಕು ಫೋಟೋ ತೆಗೆದು ಮುಂದೆ ಹೋಗುತ್ತಾನೆ. ಅವನ ಫೋಟೋದಲ್ಲಿ ಬರದಿರುವುದು ನೀರಿನ ಲೆಕ್ಕ. ಹೊಳೆಯಿಂದ ಬೆಟ್ಟದ ಪಕ್ಕೆ ಹಿಡಿದು ಹರಿಯುವ ಕಾಲುವೆಗೆ ಇಲ್ಲಿಯವರು 'ತಾರ್ಗಾ' ಎನ್ನುತ್ತಾರೆ. ಅದರ ನೀರು ಇಂಥ ಮನೆತನಕ್ಕೆ ಇಷ್ಟು ಹೊತ್ತು ಎಂದು ಸರದಿಯಲ್ಲಿ ಹಂಚಿಕೆಯಾಗುತ್ತದೆ. ಸರದಿ ರಾತ್ರಿ ಬಂದರೆ ರಾತ್ರಿಯೇ ಗುದ್ದಲಿ ಹಿಡಿದು ಹೋಗಿ ಮಡೆ ತಿರುಗಿಸಬೇಕು. ಹೂಳು ತೆಗೆಯಲು ಮನೆಗೊಂದು ಆಳು ಬರಲೇಬೇಕು. ಜಗಳ ಬಂದರೆ ತೀರ್ಮಾನಕ್ಕೆ ಊರ ಹಿರಿಯರ ಕೂಟವಿದೆ. ಅದನ್ನು 'ಜಮಾತ್' ಎಂದು ಕರೆಯುತ್ತಾರೆ. ಕೊಯ್ಲಿಗೆ, ಮನೆ ಕಟ್ಟುವುದಕ್ಕೆ ಮುಯ್ಯಾಳಾಗಿ ಹೋಗುವ ಪದ್ಧತಿಯೂ ಉಂಟು. ಅದಕ್ಕೆ 'ತಿವಿಜಿ' ಎಂದು ಹೆಸರು.

ಪೂರ್ವದ ದಿಕ್ಕಿನ ಗುಡ್ಡ ದಾಟಿದರೆ ಉಕೈಮೆದನ್ ಎಂಬ ವಿಶಾಲವಾದ ಹುಲ್ಲುಗಾವಲು. ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಶುರುವಿನಲ್ಲಿ ಅಲ್ಲಿಗೆ ಹೋದ ಪ್ರವಾಸಿಗೆ ಸೋಜಿಗ: ಮಂಡಿಯೆತ್ತರ ಹುಲ್ಲು, ಒಂದು ಕುರಿಯೂ ಇಲ್ಲ! ಕೆಳಗೆ ಹಳ್ಳಿಗಳಲ್ಲಿ ಹೆಂಗಸರು ಮೇವಿನ ಹೊರೆ ಬೆನ್ನಿಗೆ ಕಟ್ಟಿ ಬಳಲುತ್ತಿರುವಾಗ ಇಲ್ಲಿ ಹುಲ್ಲು ಹಾಳಾಗುತ್ತಿದೆಯಲ್ಲ ಎಂದು ಅವನು ಮರುಗುತ್ತಾನೆ. ಹುಲ್ಲು ಹಾಳಾಗುತ್ತಿಲ್ಲ, ಬಲಿಯುತ್ತಿದೆ. ಪ್ರತಿವರ್ಷ ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ ಈ ಕಾವಲಿಗೆ ಯಾರೂ ಜಾನುವಾರು ಹೊಡೆಯುವಂತಿಲ್ಲ. ಬೀಜ ಕಟ್ಟಿ ಉದುರುವವರೆಗೆ ಹುಲ್ಲಿಗೆ ಬಿಡುವು. 'ಅಗ್ದಾಲ್' ಎಂಬ ಈ ಕಟ್ಟಲೆ ಯಾವ ಅರಣ್ಯ ಇಲಾಖೆಯೂ ಹುಟ್ಟುವ ಮೊದಲಿನದು. ಗಡುವು ಮುಗಿದ ದಿನ ಹಕ್ಕುಳ್ಳ ಮನೆತನಗಳೆಲ್ಲ ತಮ್ಮ ತಮ್ಮ ದನಕುರಿಗಳೊಂದಿಗೆ ಮೇಲೆ ಹತ್ತುತ್ತವೆ. ಪರಿಸರದ ಪಾಠ ಓದುವ ವಿದ್ಯಾರ್ಥಿಗಳು ನೆನಪಿಡಬೇಕಾದ ಉದಾಹರಣೆ ಇದು.

ಇನ್ನು ಮನೆಯೊಳಗಿನ ಮಾತು. ಹಳ್ಳಿಯಲ್ಲಿ ಪ್ರವಾಸಿ ತಂಗುವುದು ಸಾಮಾನ್ಯವಾಗಿ ಯಾರದಾದರೂ ಮನೆಯಲ್ಲಿಯೇ. ಕೋಣೆಗೆ, ಊಟಕ್ಕೆ ಇಷ್ಟು ಎಂದು ದರವಿರುತ್ತದೆ. ಆದರೂ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕ್ಷಣದಿಂದ ಅವನು ಗಿರಾಕಿಯಲ್ಲ, ಅತಿಥಿ. ಕೈಗೆ ನೀರು ಹುಯ್ಯುತ್ತಾರೆ. ಅಗಲವಾದ ರೊಟ್ಟಿ, ಆಲಿವ್ ಎಣ್ಣೆ, ಬೆಣ್ಣೆ, ಇದ್ದರೆ ಜೇನು ಬರುತ್ತದೆ. ಆಮೇಲೆ ಮಣ್ಣಿನ ಮುಚ್ಚಳದ ಕೆಳಗೆ ಸಣ್ಣ ಉರಿಯಲ್ಲಿ ಬೆಂದ ತಾಜಿನ್. ಎಲ್ಲರೂ ಒಂದೇ ಪಾತ್ರೆಯ ಸುತ್ತ ಕುಳಿತು, ಬಲಗೈಯಲ್ಲಿ ರೊಟ್ಟಿಯ ತುಂಡಿನಿಂದ ಎತ್ತಿಕೊಂಡು ತಿನ್ನುತ್ತಾರೆ. ತನ್ನ ಮುಂದಿನ ಪಾಲಿನಿಂದ ಮಾತ್ರ ತಿನ್ನಬೇಕು. ನಡುವಿನ ಮಾಂಸಕ್ಕೆ ಕೈ ಚಾಚುವುದು ಅಸಭ್ಯತೆ. ಅದನ್ನು ಕೊನೆಯಲ್ಲಿ ಮನೆಯ ಯಜಮಾನ ಬಿಡಿಸಿ ಹಂಚುತ್ತಾನೆ, ಅತಿಥಿಗೆ ಒಂದು ತುಂಡು ಹೆಚ್ಚೇ. ಮಾಂಸ ತಿನ್ನದವರಿಗೆ ತರಕಾರಿಯ ತಾಜಿನ್ ಸಿಗುತ್ತದೆ, ಮೊದಲೇ ಹೇಳಿದರೆ ಯಾರಿಗೂ ಮುಜುಗರವಿಲ್ಲ.

ಚಹಾದ ಸಂಭ್ರಮವೇ ಬೇರೆ. ಸೊಪ್ಪು ಚೀನಾದ ಹಸಿರು ಚಹಾ. ಗುಂಡಿನಂತೆ ಸುರುಳಿ ಸುತ್ತಿಕೊಂಡಿರುವುದರಿಂದ ಅದಕ್ಕೆ ಗನ್‌ಪೌಡರ್ ಎಂದು ಹೆಸರು. ಮೊರಾಕೊದಲ್ಲಿ ಈ ಚಹಾ ಹಳ್ಳಿಹಳ್ಳಿಗೆ ಹಬ್ಬಿದ್ದು 19ನೆಯ ಶತಮಾನದಲ್ಲಿ. ಅಂದರೆ ಪುರಾತನವೆಂದು ಪ್ರವಾಸಿ ಕೈಮುಗಿಯುವ ಈ ಆಚಾರ ಅಷ್ಟೇನೂ ಹಳೆಯದಲ್ಲ! ಒಂದು ಸಲ ಬಿಸಿನೀರಿನಲ್ಲಿ ಸೊಪ್ಪು ತೊಳೆದು, ಪುದೀನ, ಸಕ್ಕರೆ ಹಾಕಿ ಕುದಿಸಿ, ಲೋಟಕ್ಕೆ ಬಗ್ಗಿಸಿ, ಮತ್ತೆ ಪಾತ್ರೆಗೇ ಸುರಿದು, ರುಚಿ ನೋಡಿ, ಕೈ ಎತ್ತರಿಸಿ ನೊರೆ ಬರುವಂತೆ ಬಗ್ಗಿಸುತ್ತಾರೆ. ಚಳಿಗಾಲದಲ್ಲಿ ಪುದೀನದ ಬದಲು ಮಾಚಿಪತ್ರೆಯ ಜಾತಿಯ ಒಂದು ಕಹಿ ಎಲೆ. ಒಂದೇ ಲೋಟಕ್ಕೆ ಸಾಕೆನ್ನುವುದು ಮರ್ಯಾದೆಯಲ್ಲ. ಮೂರಾದರೂ ಆಗಬೇಕು.

ಈ ಚಹಾಕ್ಕೆ ಬೇಕಾದ ಸಕ್ಕರೆ ಗೋಪುರದಾಕಾರದಲ್ಲಿ ಅಚ್ಚು ಹೊಯ್ದು ಕಾಗದ ಸುತ್ತಿ ಬರುತ್ತದೆ. ಒಂದೊಂದು ಸುಮಾರು 2 ಕಿಲೋ ತೂಕ. ಪುಟ್ಟ ಸುತ್ತಿಗೆಯಿಂದ ಒಡೆದು ಬಳಸುತ್ತಾರೆ. ಮದುವೆಯ ಮಾತಿಗೆ ಹೋಗುವವರು, ಮಗು ಹುಟ್ಟಿದ ಮನೆಗೆ, ಸಾವಾದ ಮನೆಗೆ ಹೋಗುವವರು ಈ ಸಕ್ಕರೆಯ ಗೋಪುರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಬರಿಗೈಯಲ್ಲಿ ಹೋಗಬಾರದೆಂದುಕೊಳ್ಳುವ ಪ್ರವಾಸಿಗೂ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಅಸ್ನಿಯ ಅಂಗಡಿಯಲ್ಲೇ ಸಿಗುತ್ತದೆ, ದುಬಾರಿಯೂ ಅಲ್ಲ. ಕೊಡುವುದು ಮನೆಗೆ, ಹಿರಿಯರ ಕೈಗೆ.

ಆದರೆ ಪ್ರವಾಸಿಗಳು ಸಾಮಾನ್ಯವಾಗಿ ತರುವುದು ಬೇರೆಯದೇ. ದಾರಿಯ ತಿರುವಿನಲ್ಲಿ ಅವರನ್ನು ಕಂಡ ಮಕ್ಕಳು ಫ್ರೆಂಚ್ ಮಾತಿನಲ್ಲಿ "ಸ್ತಿಲೋ! ಬೊಂಬೊಂ!" ಎಂದು ಕೂಗುತ್ತಾ ಓಡಿಬರುತ್ತವೆ. ಪೆನ್ನು, ಮಿಠಾಯಿ ಎಂದರ್ಥ. ಈ ಕೂಗನ್ನು ಮಕ್ಕಳಿಗೆ ಕಲಿಸಿದವರು ಯಾರು? ಹಿಂದೆ ಬಂದುಹೋದ ಪ್ರವಾಸಿಗಳೇ. ಬಡ ಮಕ್ಕಳು ಓದಿಕೊಳ್ಳಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಪೆನ್ನಿನ ಪೊಟ್ಟಣ ತಂದು ದಾರಿಯಲ್ಲಿ ಹಂಚಿದರು. ಹಂಚಿದ ದಿನ ಅವರಿಗೆ ಸಂತೋಷ, ಮಕ್ಕಳಿಗೂ ಸಂತೋಷ. ಮರುದಿನ ಮಗು ಶಾಲೆಯ ಹೊತ್ತಿನಲ್ಲೂ ಅದೇ ತಿರುವಿನಲ್ಲಿ ನಿಂತಿತು. ಬಲಶಾಲಿ ಹುಡುಗನಿಗೆ ಐದು ಪೆನ್ನು, ಹಿಂದೆ ನಿಂತ ಹುಡುಗಿಗೆ ಒಂದೂ ಇಲ್ಲ. ಮಿಠಾಯಿಗೆ ಹಲ್ಲು ಹುಳಿತರೆ ಹಲ್ಲಿನ ವೈದ್ಯ ಇರುವುದು ಬೆಟ್ಟದ ಕೆಳಗೆ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಗೆ ಬಂದವರ ಕೈಗೆ ಮೊದಲ ಲೋಟ ಕೊಡುವ ಜನರ ಮಕ್ಕಳು ಬಂದವರ ಮುಂದೆ ಕೈಚಾಚಿದರೆ ಹಿರಿಯರಿಗೆ ಎಂಥ ಅವಮಾನ! ತಂದೆತಾಯಿಗಳಾದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗು ಕೈಚಾಚಿದಾಗ ಕೊಡದೆ ಮುಂದೆ ನಡೆಯುವುದು ಕಷ್ಟ ಎಂಬುದೇನೋ ನಿಜ. ಹೆಸರು ಕೇಳಬಹುದು, ಒಂದು ಆಟ ಆಡಬಹುದು. ಪೆನ್ನುಗಳನ್ನು ತಂದೇ ಇದ್ದರೆ ಶಾಲೆಯ ಮಾಸ್ತರರ ಕೈಗೆ ಕೊಡಬಹುದು.

ಅಷ್ಟಕ್ಕೂ ಈ ಮಕ್ಕಳ ಓದಿಗೆ ಅಡ್ಡಿಯಾಗಿದ್ದದ್ದು ಪೆನ್ನಿನ ಕೊರತೆಯಲ್ಲ. ಪ್ರಾಥಮಿಕ ಶಾಲೆ ಹಳ್ಳಿಯಲ್ಲೋ ಪಕ್ಕದ ಹಳ್ಳಿಯಲ್ಲೋ ಇರುತ್ತದೆ. ಆರು ವರ್ಷದ ಆ ಓದು ಮುಗಿದಾಗ ಮಗುವಿಗೆ ಹನ್ನೆರಡರ ಆಸುಪಾಸು. ಮುಂದಿನ ಶಾಲೆ ಅಸ್ನಿಯಂಥ ಊರಿನಲ್ಲಿ, ಒಳಕಣಿವೆಯ ಹಳ್ಳಿಗಳಿಂದ ದಿನವೂ ಹೋಗಿಬರಲಾಗದಷ್ಟು ದೂರದಲ್ಲಿ. ಗಂಡುಹುಡುಗನಾದರೆ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಬಿಡುತ್ತಾರೆ. ಹೆಣ್ಣುಮಗಳನ್ನು? ಅವಳ ಓದು ಅಲ್ಲಿಗೆ ನಿಂತು, ಮೇವಿನ ಹೊರೆ ಬೆನ್ನಿಗೆ ಬರುತ್ತಿತ್ತು. ತಂದೆತಾಯಿಗಳಿಗೆ ಓದಿಸುವ ಆಸೆಯಿಲ್ಲ ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಿದ್ದರು. ಅವರಿಗೆ ಇದ್ದದ್ದು, ಮಗಳು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬ ಚಿಂತೆ.

ಹೀಗೆಂದು ಅರ್ಥ ಮಾಡಿಕೊಂಡವರು ಶಾಲೆ ಕಟ್ಟಲು ಹೋಗಲಿಲ್ಲ, ಮಲಗುವ ಮನೆ ಕಟ್ಟಿದರು. 'ಎಜುಕೇಷನ್ ಫಾರ್ ಆಲ್' ಎಂಬ ಸ್ವಯಂಸೇವಾ ಸಂಸ್ಥೆ 2007ರಲ್ಲಿ ಅಸ್ನಿಯ ಶಾಲೆಯ ಹತ್ತಿರ ಬೆಟ್ಟದ ಹೆಣ್ಣುಮಕ್ಕಳಿಗಾಗಿ ಮೊದಲ ವಿದ್ಯಾರ್ಥಿನಿಲಯ ತೆರೆಯಿತು. ಊಟ, ಹಾಸಿಗೆ, ಓದಿಗೆ ಸಹಾಯ, ನೋಡಿಕೊಳ್ಳಲು ಮನೆಯೊಡತಿಯಂಥ ಒಬ್ಬ ಹೆಂಗಸು. ಮುಂದೆ ಬೇರೆ ಊರುಗಳಲ್ಲೂ ಇಂಥ ನಿಲಯಗಳಾದವು. 'ದಾರ್ ತಾಲಿಬಾ', ಅಂದರೆ ವಿದ್ಯಾರ್ಥಿನಿಯರ ಮನೆ ಎಂಬ ಹೆಸರಿನ ನಿಲಯಗಳೂ ದೇಶದ ಹಳ್ಳಿಗಾಡಿನಲ್ಲಿವೆ. ಅಸ್ನಿಯ ನಿಲಯದಲ್ಲಿದ್ದು ಓದಿದ ಹುಡುಗಿಯರು ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಪ್ರವಾಸಿಯ ಹಣ ಊರಿಗೆ ಸೇರುವ ಇನ್ನೊಂದು ದಾರಿಯೂ ಇಲ್ಲಿ ಕಾಣುತ್ತದೆ. ಇಮ್ಲಿಲ್‌ನ ಮೇಲುಗಡೆ ಹಳೆಯ ಕೋಟೆಮನೆಯೊಂದನ್ನು ತಂಗುದಾಣ ಮಾಡಿದವರು, ಬಿಲ್ಲಿನ ಮೇಲೆ ನೂರಕ್ಕೆ 5ರಂತೆ ಸೇರಿಸಿ ಆ ಹಣವನ್ನು ಊರಿನ ಸಂಘಕ್ಕೆ ಕೊಡುತ್ತಾ ಬಂದಿದ್ದಾರೆ. ಆಂಬುಲೆನ್ಸು, ಊರೊಟ್ಟಿನ ಸ್ನಾನಗೃಹ, ಕಸ ಸಾಗಿಸುವ ಏರ್ಪಾಡು ಅದರಿಂದ ಆದವು. (ದಲಾಯಿ ಲಾಮಾ ಅವರ ಬಾಲ್ಯದ ಕಥೆ ಹೇಳುವ, 1997ರಲ್ಲಿ ತೆರೆಕಂಡ 'ಕುಂದುನ್' ಚಿತ್ರದಲ್ಲಿ ಈ ಕೋಟೆಮನೆಯೇ ಟಿಬೆಟ್ಟಿನ ಮಠವಾಗಿ ಕಾಣಿಸಿಕೊಂಡಿದೆ. ಬೆಟ್ಟದ ಬಣ್ಣ ಎಲ್ಲಿಯದಾದರೇನು, ಕ್ಯಾಮೆರಾಕ್ಕೆ ಒಂದೇ!)

ಶಾಲೆಗೆ ಹೋದ ಮಗುವಿಗೆ ಇನ್ನೊಂದು ಬೆಟ್ಟ ಕಾದಿರುತ್ತದೆ. ಮನೆಯಲ್ಲಿ ಆಡುವುದು ತಶೆಲ್ಹಿತ್, ಅಂದರೆ ಅಮಾಜಿಗ್ ಭಾಷೆಯ ಈ ಸೀಮೆಯ ರೂಪ. ನೀರಿಗೆ 'ಅಮಾನ್', ರೊಟ್ಟಿಗೆ 'ಅಘ್ರುಮ್'. ಶಾಲೆಯಲ್ಲಿ ಮೊದಲ ದಿನವೇ ಅರಬ್ಬಿ, ಮುಂದೆ ಫ್ರೆಂಚ್. ತಾಯಿಯ ಮಾತು ಪಾಠಶಾಲೆಯ ಬಾಗಿಲಲ್ಲೇ ಉಳಿಯುತ್ತಿತ್ತು. 2003ರಿಂದ ಅಮಾಜಿಗ್ ಭಾಷೆಯನ್ನು ಅದರದೇ ತಿಫಿನಾಗ್ ಲಿಪಿಯಲ್ಲಿ ಶಾಲೆಗಳಲ್ಲಿ ಕಲಿಸತೊಡಗಿದರು. 2011ರ ಸಂವಿಧಾನ ಅದಕ್ಕೆ ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. ಅಮಾಜಿಗ್ ಹೊಸವರ್ಷವನ್ನು ರಾಷ್ಟ್ರೀಯ ರಜಾದಿನವೆಂದು 2023ರಲ್ಲಿ ಸಾರಲಾಯಿತು. ಮೊದಲ ರಜೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಕಚೇರಿಗಳ ಫಲಕಗಳಲ್ಲಿ ಈಗ ಆ ಲಿಪಿ ಕಾಣುತ್ತದೆ. ಆದರೆ ಪಾಠ ಇನ್ನೂ ಎಲ್ಲ ಶಾಲೆಗಳನ್ನು ಮುಟ್ಟಿಲ್ಲ. 2024ರ ಜನಗಣತಿಯ ಪ್ರಕಾರ ದೇಶದ ಜನರಲ್ಲಿ ನಾಲ್ವರಿಗೆ ಒಬ್ಬರಷ್ಟೇ ಈ ಭಾಷೆ ಆಡುತ್ತಾರೆ. ಪ್ರವಾಸಿ 'ತನ್ಮಿರ್ತ್' ಎಂದು ಅವರ ಮಾತಿನಲ್ಲೇ ಥ್ಯಾಂಕ್ಸ್ ಹೇಳಿದಾಗ ಅಜ್ಜಿಯ ಮುಖ ಅರಳುವುದು ಸುಮ್ಮನೆ ಅಲ್ಲ.

2023ರ ಸೆಪ್ಟೆಂಬರ್ 8ರ ರಾತ್ರಿ 11 ಗಂಟೆ 11 ನಿಮಿಷಕ್ಕೆ ಈ ಬೆಟ್ಟಗಳು ನಡುಗಿದವು. 6.8ರ ತೀವ್ರತೆ, ಕೇಂದ್ರ ಇಮ್ಲಿಲ್‌ಗೆ ಪಶ್ಚಿಮದಲ್ಲಿ, ಇಘಿಲ್ ಎಂಬ ಹಳ್ಳಿಯ ಹತ್ತಿರ. ಜನ ಮನೆಗಳಲ್ಲಿ ಮಲಗಿದ್ದ ಹೊತ್ತು. ಮಣ್ಣುಕಲ್ಲಿನ ಗೋಡೆಗಳು, ಅವುಗಳ ಮೇಲಿನ ಭಾರವಾದ ಮಾಳಿಗೆಗಳು ಒಟ್ಟಿಗೆ ಕುಸಿದವು. 2,900ಕ್ಕೂ ಹೆಚ್ಚು ಜನ ಸತ್ತರು. 12ನೆಯ ಶತಮಾನದ ತಿನ್ಮೆಲ್ ಮಸೀದಿ ಬಹುಭಾಗ ಉರುಳಿತು. ಇಮ್ಲಿಲ್ ಕಣಿವೆಯಲ್ಲಿ ಹಾನಿ ಪಶ್ಚಿಮದಷ್ಟಿರಲಿಲ್ಲ. ಆದರೂ ಮನೆಗಳು ಬಿದ್ದವು, ಬಿರುಕು ಬಿಟ್ಟವು. ರಸ್ತೆ ಮುಚ್ಚಿಹೋದ ಹಳ್ಳಿಗಳಿಗೆ ಹಿಟ್ಟು, ಕಂಬಳಿ ಹೊತ್ತುಕೊಂಡು ಹೋದದ್ದು ಹೇಸರಗತ್ತೆಗಳೇ.

ಮತ್ತೆ ಮನೆ ಕಟ್ಟುವುದು ಹೇಗೆ ಎಂಬುದು ಅಲ್ಲಿಂದಾಚೆಗೆ ಊರೂರಿನ ಚರ್ಚೆ. ಸಿಮೆಂಟಿನ ಇಟ್ಟಿಗೆಯ ಮನೆ ಬೇಗ ಏಳುತ್ತದೆ, ಭರವಸೆಯೂ ಹುಟ್ಟುತ್ತದೆ. ಆದರೆ ಚಳಿಗಾಲದಲ್ಲಿ ಕೊರೆಯುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ. ಕಲ್ಲುಮಣ್ಣಿನ ಮನೆಗೇ ಒಳಗಿನಿಂದ ಕಟ್ಟು ಕೊಟ್ಟು ಭದ್ರಪಡಿಸಬಹುದು ಎನ್ನುವ ವಾಸ್ತುಶಿಲ್ಪಿಗಳಿದ್ದಾರೆ. ಒಂದು ರಾತ್ರಿ ಮಣ್ಣಿನ ಗೋಡೆಯ ಕೆಳಗಿನಿಂದ ಮಕ್ಕಳನ್ನು ಎಳೆದು ತೆಗೆದವರಿಗೆ ಈ ಮಾತನ್ನು ಒಪ್ಪಿಸುವುದು ಸುಲಭವೆ?

ಭೂಕಂಪದಲ್ಲಿ ನೂರಾರು ಶಾಲೆಗಳು ಜಖಂಗೊಂಡವು. ಹುಡುಗಿಯರ ನಿಲಯಗಳೂ ಪೆಟ್ಟು ತಿಂದವು. ಬೆಟ್ಟದ ಸಾವಿರಾರು ಹೈಸ್ಕೂಲು ಮಕ್ಕಳನ್ನು ಬಸ್ಸುಗಳಲ್ಲಿ ಮರಾಕೇಶ್‌ಗೆ ಕರೆತಂದು ಅಲ್ಲಿ ಉಳಿಸಿ ಪಾಠ ಮುಂದುವರಿಸಿದರು. ಮಗಳನ್ನು ಅಸ್ನಿಗೆ ಕಳಿಸಲೂ ಹಿಂದೆ ಹೆದರುತ್ತಿದ್ದ ಕಣಿವೆಗಳಿಂದ, ಮನೆ ಕಳೆದುಕೊಂಡು ಹದಿನೈದು ದಿನವೂ ಆಗಿರದಿದ್ದಾಗ, ತಂದೆತಾಯಿಗಳು ಹೆಣ್ಣುಮಕ್ಕಳನ್ನು ನಗರದ ಬಸ್ಸು ಹತ್ತಿಸಿ ಬೀಳ್ಕೊಟ್ಟರು. ಅವರು ತಿರುಗಿ ಹೋದದ್ದು ಡೇರೆಗಳಿಗೆ. ವರ್ಷ ಕಳೆದ ಮೇಲೂ ಅನೇಕ ಸಂಸಾರಗಳು ಡೇರೆಗಳಲ್ಲೇ ಇದ್ದವು. ಸುದ್ದಿಗಾಗಿ ಅಲ್ಲಿಗೆ ಬಂದ ಪರದೇಶದ ವರದಿಗಾರರನ್ನು ಜನ ಕಂಬಳಿ ಹಾಸಿ ಕೂರಿಸುತ್ತಿದ್ದರು. ಗ್ಯಾಸ್ ಒಲೆ ಹಚ್ಚಿ, ಅವಶೇಷಗಳ ನಡುವಿನಿಂದ ಎತ್ತಿಕೊಂಡ ಪಾತ್ರೆಯಲ್ಲಿ ಚಹಾ ಕುದಿಸಿ, ಮೊದಲ ಲೋಟವನ್ನು ಬಂದವರ ಕೈಗೆ ಕೊಡುತ್ತಿದ್ದರು.